ಔಟಾದ ಮೇಲೂ ಬ್ಯಾಟಿಂಗ್

ಖಾಲಿ ಡ್ರಮ್ಮಿಗೆ ಕಾರಿನ ಹಿಂಭಾಗ ಸೋಕಿದರೆ ಬರುವ ಸದ್ದು ಬಹಳ ಚಿಕ್ಕದು. ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಜಾರಿದರೂ ಅದಕ್ಕಿಂತ ದೊಡ್ಡ ಗದ್ದಲವಾಗುತ್ತದೆ. ಆದರೆ ಮಸ್ಕತ್ತಿನಲ್ಲಿ ಡ್ರೈವಿಂಗ್ ಲೈಸೆನ್ಸಿಗೆ ಹರಕೆ ಹೊತ್ತ ನನ್ನಂಥವಳ ಕಿವಿಗೆ ಆ ‘ಡಣ್’ ಸಾಕ್ಷಾತ್ ಸಿಡಿಲು. ಇಲ್ಲಿ ರಸ್ತೆಯ ಪರೀಕ್ಷೆಗೆ ಮೊದಲು, ಸಾಲಾಗಿ ನಿಲ್ಲಿಸಿದ ಡ್ರಮ್ಮುಗಳ ನಡುವೆ ಕಾರನ್ನು ಹಿಮ್ಮುಖವಾಗಿ ತಂದು ನಿಲ್ಲಿಸಬೇಕು. ಒಂದಕ್ಕೆ ತಾಗಿತೋ, ನಪಾಸು. ನನಗೂ ಆ ಡ್ರಮ್ಮುಗಳಿಗೂ ಯಾವ ಜನ್ಮದ ಋಣಾನುಬಂಧವೋ ಕಾಣೆ, ಒಂದನ್ನಾದರೂ ಮಾತನಾಡಿಸದೆ ನಾನು ಎಂದೂ ಮರಳಿದವಳಲ್ಲ.

ನಗಬೇಡಿ, ವಿಷಯ ಗಂಭೀರವಾದದ್ದು. ನನ್ನ ಯಜಮಾನರಿಗೆ ದೂರದ ದುಕ್ಮ್ ಎಂಬ ಊರಿಗೆ ವರ್ಗವಾಗಿದೆ; ವಾರಾಂತ್ಯಕ್ಕಷ್ಟೇ ಅವರ ಮುಖದರ್ಶನ. ಮಸ್ಕತ್ತಿನ ಅಂಚಿಗಿರುವ ಅಲ್ ಅಮೇರಾತಿನ ನಮ್ಮ ಮನೆಯಿಂದ ಮಗಳ ಶಾಲೆ ಒಂದು ದಿಕ್ಕು, ನನ್ನ ಆಫೀಸು ಇನ್ನೊಂದು ದಿಕ್ಕು, ನಡುವೆ ಬೋಳುಗುಡ್ಡ. ಸಕಲ ಪರೀಕ್ಷೆಗಳನ್ನೂ ಮೊದಲ ಯತ್ನದಲ್ಲೇ ಗೆದ್ದ ಯಜಮಾನರು ತೀರ್ಪು ಕೊಟ್ಟಿದ್ದರು: “ಈ ಸಲವೂ ಆಗದಿದ್ರೆ ಖಲಾಸ್. ನೀನೂ ಮಗಳೂ ಉಡುಪಿಗೆ.” ಟಿಕೆಟ್ಟೂ ಬುಕ್ಕಾಗಿತ್ತು. ಕೆಲಸ ಬಿಟ್ಟು ಹೊರಡಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಅಂಥ ಆಪತ್ಕಾಲದಲ್ಲಿ ಮಗಳು “ಅಮ್ಮಾ, ಜಸ್ಟ್ ವಾಚ್ ದಿಸ್” ಎಂದು ಫೋನನ್ನು ನನ್ನ ಮೂಗಿನ ಮುಂದೆ ಹಿಡಿದಳು. ಬೇಸ್‌ಬಾಲಿನ ಮಹಾನ್ ಹೊಡೆತಗಾರನೊಬ್ಬ, ಈಗ ತಲೆ ನೆರೆತವನು, ತನ್ನ ಯಶಸ್ಸಿನ ಕಥೆ ಹೇಳುತ್ತಿದ್ದ. ಹತ್ತು ಸಲ ದಾಂಡು ಹಿಡಿದರೆ ಏಳು ಸಲ ಬರಿಗೈಯಲ್ಲಿ ಮರಳುತ್ತಿದ್ದನಂತೆ. ಉಳಿದ ಮೂರಕ್ಕೇ ಜನ ಅವನನ್ನು ಹೊತ್ತು ಮೆರೆಸಿದರಂತೆ! ಅಯ್ಯೋ ದೇವರೇ, ನಾನು ದಂಗಾಗಿಹೋದೆ. ನನ್ನ ತವರಿನಲ್ಲಿ ಹತ್ತಕ್ಕೆ ಮೂರು ತಂದವರಿಗೆ ಊಟ ಸಿಗುವುದೂ ಅನುಮಾನವಿತ್ತು. ಇನ್ನೂ ದೊಡ್ಡ ಆಘಾತ ಮುಂದೆ ಕಾದಿತ್ತು: ಅಲ್ಲಿ ಔಟಾದವನು, ಸರದಿ ಬಂದಾಗ, ಅದೇ ಪಂದ್ಯದಲ್ಲಿ ಮತ್ತೆ ದಾಂಡು ಹಿಡಿದು ಬರುತ್ತಾನೆ! ಔಟಾದವರು ತಲೆ ತಗ್ಗಿಸಿ ಪೆವಿಲಿಯನ್ ಸೇರುವ ಕ್ರಿಕೆಟ್ ಸಂಸ್ಕಾರದಲ್ಲಿ ಬೆಳೆದ ನನಗೆ ಇದು ಶುದ್ಧ ನಿರ್ಲಜ್ಜತನವಾಗಿ ಕಂಡಿತು. ಆ ಪುಣ್ಯಾತ್ಮನೋ, ಹಿಂದಿನ ಸೋಲನ್ನು ಹೊತ್ತುಕೊಂಡು ಹೋದರೆ ದಾಂಡು ಭಾರವಾಗುತ್ತದೆ, ತನಗೆ ಗೊತ್ತಿದ್ದದ್ದು ಎದುರಿಗೆ ಬರುವ ಚೆಂಡೊಂದೇ ಎಂದು ಹಾಯಾಗಿ ನಗುತ್ತಿದ್ದ.

ಆ ವಾರ ಮನೆಗೆ ಬಂದ ಯಜಮಾನರು “ನೋಡಿ ಕಲಿ ಮಾರಾಯ್ತಿ” ಎನ್ನುತ್ತ, ರಸ್ತೆ ಕೆಲಸದವರು ಹಿತ್ತಲ ಬಯಲಿನಲ್ಲಿ ಬಿಟ್ಟುಹೋಗಿದ್ದ ಡಾಂಬರಿನ ಖಾಲಿ ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ, ಒಂದೇ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತ ಠೀವಿಯಿಂದ ರಿವರ್ಸ್ ಬಂದರು. ಡಣ್! ಸತ್ಯ ಹೇಳುತ್ತೇನೆ, ಮೊದಲು ನನಗೆ ನಗು ಬಂತು. ಅವರ ಮುಖ ಕಂಡ ಮೇಲೆ ಅದನ್ನು ನುಂಗಿಕೊಂಡೆ. ಜೀವಮಾನದಲ್ಲಿ ನಪಾಸಾಗದ ಮನುಷ್ಯ ಸ್ಟಿಯರಿಂಗ್ ಹಿಡಿದು ಕಲ್ಲಾಗಿ ಕೂತಿದ್ದರು. ಸೋತ ಮೇಲೆ ಏನು ಮಾಡಬೇಕೆಂಬುದು ಆ ಮೇಧಾವಿಗೆ ಗೊತ್ತೇ ಇರಲಿಲ್ಲ! ಆ ವಿದ್ಯೆಯಲ್ಲಿ ನಾನು ಪಾರಂಗತೆ. ಬಿದ್ದ ಡ್ರಮ್ಮನ್ನು ಎತ್ತಿ ನಿಲ್ಲಿಸಿ, “ಎಂತ ಆಗ್ಲಿಲ್ಲ ಮಾರಾಯ್ರೆ, ಪುನಃ ಬನ್ನಿ” ಎಂದೆ. ಪುನಃ ಬಂದರು, ಪುನಃ ಡಣ್. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಊಟಕ್ಕೆ ಕೂತಾಗ ಅವರು ನನ್ನ ಮುಖ ನೋಡದೆ, “ಆ ಟಿಕೆಟ್ ಕ್ಯಾನ್ಸಲ್ ಮಾಡಿದೆ. ಎಷ್ಟು ಸಲ ಬೇಕೋ ಅಷ್ಟು ಸಲ ಹೋಗು” ಅಂದರು.

ಇಲ್ಲಿ ವಾರದ ಮೊದಲ ಕೆಲಸದ ದಿನವಾದ ಭಾನುವಾರ ಪರೀಕ್ಷೆ. ಹಿಮ್ಮುಖವಾಗಿ ಬಂದೆ, ನಿಲ್ಲಿಸಿದೆ, ಕಣ್ಣು ಮುಚ್ಚಿ ಆ ಪರಿಚಿತ ಸದ್ದಿಗಾಗಿ ಕಾದೆ. ಪೊಲೀಸ್ ಅಧಿಕಾರಿ ಕಿಟಕಿ ತಟ್ಟಿ “ಯಲ್ಲಾ, ಹೊರಡಿ ಮೇಡಂ, ಪಾಸ್!” ಎಂದಾಗ ಬೆಚ್ಚಿಬಿದ್ದೆ. ರೋಡ್ ಟೆಸ್ಟ್ ಇನ್ನೂ ಬಾಕಿ ಇದೆ. ಅಲ್ಲಿ ಔಟಾದರೆ ಮತ್ತೆ ದಾಂಡು ಹಿಡಿದು ಹೋಗುವವಳೇ ನಾನು. ಆದರೆ ಖಾಲಿ ಡ್ರಮ್ಮು ಸದ್ದು ಮಾಡದೆ ಸುಮ್ಮನೆ ನಿಂತರೆ ಎದೆ ಅಷ್ಟು ಜೋರಾಗಿ ಹೊಡೆದುಕೊಳ್ಳುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.