ಅಮ್ಮ ತಿಕ್ಕಿದ ಮಂಡಿ

ಅಣ್ಣನ ಬಲಮಂಡಿ ಊದಿದಾಗಲೆಲ್ಲ ಅಮ್ಮ ಲಕ್ಕಿಸೊಪ್ಪು ಹಾಕಿ ಎಣ್ಣೆ ಕಾಯಿಸುತ್ತಿದ್ದಳು. ಎಪ್ಪತ್ತರ ದಶಕದ ಹೊಸನಗರದಲ್ಲಿ ಆ ನೋವಿಗೆ ನಮಗೆ ಗೊತ್ತಿದ್ದ ಹೆಸರು ಒಂದೇ, ವಾತ. ಅಪ್ಪ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಬಾಡಿಗೆ ಮನೆಯಲ್ಲಿ ರವಿಕೆ ಹೊಲಿದು ಅಮ್ಮ ನಮ್ಮಿಬ್ಬರನ್ನು ಸಾಕುತ್ತಿದ್ದಳು. ಹೊಲಿಗೆ ಬಿಟ್ಟೆದ್ದು, ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದಳು. ಅವನು ಒದ್ದಾಡದಂತೆ ನಾನು ಭುಜ ಹಿಡಿದುಕೊಳ್ಳಬೇಕಿತ್ತು.

"ಬ್ಯಾಡಮ್ಮಾ, ಬಿಡಮ್ಮಾ!"

"ತಡಕೋ ಮಗಾ. ಕೆಟ್ಟ ನೀರು ಇಳೀಬೇಕು."

ಮರುದಿನ ಮಂಡಿ ಇನ್ನಷ್ಟು ದಪ್ಪಗಾಗಿರುತ್ತಿತ್ತು. ತಿಕ್ಕಿದ್ದು ಸಾಲಲಿಲ್ಲವೆಂದು ಅಮ್ಮ ಮತ್ತೆ ಎಣ್ಣೆ ಬಿಸಿಮಾಡುವಳು.

ಅಣ್ಣ ಬೆಳೆದು ತೀರ್ಥಹಳ್ಳಿಯಲ್ಲಿ ರೇಡಿಯೋ ರಿಪೇರಿ ಕಲಿತ. ಕೂತು ಮಾಡುವ ಕೆಲಸ, ಅವನಿಗೆ ಒಗ್ಗಿತು. ಅಷ್ಟರಲ್ಲಿ ಆ ಕಾಲು ಪೂರ್ತಿ ನೆಟ್ಟಗಾಗುತ್ತಲೇ ಇರಲಿಲ್ಲ. ಎಂಬತ್ತರ ದಶಕದ ನಡುವಿನಲ್ಲಿ ಒಮ್ಮೆ ಸಾಗರದಲ್ಲಿ ಹಲ್ಲು ಕೀಳಿಸಿಕೊಂಡ. ರಕ್ತ ನಿಲ್ಲಲೇ ಇಲ್ಲ. ಅಲ್ಲಿಯ ವೈದ್ಯರು ಹೆದರಿ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಎಂಬ ಕಾಯಿಲೆಯ ಹೆಸರನ್ನು ನಾವು ಕೇಳಿದ್ದು ಅಲ್ಲಿ.

ಬಾಯಿಯ ರಕ್ತ ನಿಂತ ಮೇಲೆ ಒಬ್ಬರು ವೈದ್ಯರು ಅವನ ಮಂಡಿಯನ್ನು ಸ್ಕ್ಯಾನ್ ಮಾಡಿ ನೋಡುತ್ತೇನೆಂದರು. ಆ ಕೋಣೆಯ ಹೊರಗೆ ಕಾದಿದ್ದವರೆಲ್ಲ ಬಸುರಿಯರು. ಅವರ ನಡುವೆ ಅಣ್ಣ ಕುಂಟುತ್ತಾ ಒಳಗೆ ಹೋದ, ಹಿಂದೆಯೇ ಅಮ್ಮನೂ ನಾನೂ. ಮಂಡಿಗೆ ತಣ್ಣನೆಯ ಅಂಟು ಸವರಿ ವೈದ್ಯರು ಯಂತ್ರದ ಹಿಡಿಕೆಯನ್ನು ಮೆಲ್ಲಗೆ ಆಡಿಸಿದರು. ಪರದೆಯ ಮೇಲೆ ಮಬ್ಬು ಮಬ್ಬಾಗಿ ಏನೋ ಅಲುಗಿತು.

"ಈ ಕಪ್ಪು ಕಾಣ್ತದಲ್ಲ, ಅದು ಒಳಗೆ ಸೋರಿದ ರಕ್ತ. ಸುತ್ತಲಿನ ಪೊರೆ ದಪ್ಪ ಆಗಿದೆ. ಮೂಳೆ ತುದಿಯ ಮೆತ್ತೆ ಸವೆದು ಹೋಗಿದೆ," ಎಂದ ಅವರು ಅಮ್ಮನ ಕಡೆ ತಿರುಗಿದರು. "ಊದಿದಾಗ ತಿಕ್ಕಿದ್ದುಂಟಾ?"

"ಹೌದು ಡಾಕ್ಟ್ರೇ. ಸಣ್ಣವನಿದ್ದಾಗಿಂದ ನಾನೇ ತಿಕ್ತಿದ್ದೆ."

ಅವರು ಗದರಲಿಲ್ಲ. ತಿಕ್ಕಿದರೆ ಒಳಗೆ ಮತ್ತೆ ರಕ್ತ ಸೋರುತ್ತದೆ, ಇನ್ನು ಮೇಲೆ ಅಲುಗಿಸದೆ ತಣ್ಣೀರು ಬಟ್ಟೆ ಇಟ್ಟು ತಕ್ಷಣ ಕರೆತನ್ನಿ ಎಂದಷ್ಟೇ ಹೇಳಿದರು. ಅಮ್ಮ ತಲೆಯಾಡಿಸಿದಳು. ಕಣ್ಣು ಮಾತ್ರ ಆ ಕಪ್ಪಿನ ಮೇಲೇ ಇತ್ತು.

ಬಸ್ಸು ಘಟ್ಟ ಹತ್ತಿ ಮಾಸ್ತಿಕಟ್ಟೆ ದಾಟುವವರೆಗೂ ಅವಳು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೇ ಕೂತಿದ್ದಳು. ಅಣ್ಣನೇ ಮಾತು ತೆಗೆದ.

"ನಿಂಗೇನ್ ಗೊತ್ತಿತ್ತಾ ಅಮ್ಮ? ಇಲ್ಲಿ ಯಾರಿಗೂ ಗೊತ್ತಿರ್ಲಿಲ್ಲ."

"ನೀನು ಹೇಳ್ತಿದ್ಯಲಾ ಮಗಾ," ಎಂದಳು ಅಮ್ಮ. "ಬ್ಯಾಡ ಬ್ಯಾಡ ಅಂತ ಹೇಳ್ತಿದ್ಯಲಾ."

ಆಮೇಲೆ ಅಣ್ಣ ಕಾಲನ್ನು ಜೋಪಾನ ಮಾಡಿಕೊಂಡ. ಮಂಡಿ ಸರಿಹೋಗಲಿಲ್ಲ, ಆದರೆ ಊದುವುದು ಕಡಿಮೆಯಾಯಿತು. ತೀರ್ಥಹಳ್ಳಿಯಲ್ಲಿ ಸ್ವಂತ ಅಂಗಡಿ ಇಟ್ಟ. ಅಮ್ಮ ಮಾತ್ರ ಮತ್ತೆ ಅವನನ್ನು ಮುಟ್ಟಲಿಲ್ಲ. ಊಟ ಬಡಿಸುವಾಗಲೂ ತಟ್ಟೆಯನ್ನು ನೆಲದ ಮೇಲೆ ಮುಂದಕ್ಕೆ ಸರಿಸುತ್ತಿದ್ದಳು. ದೀಪಾವಳಿಗೆ ಅವನು ತಲೆಗೆ ಎಣ್ಣೆ ಹಚ್ಚೆಂದು ಬಂದು ಕೂತರೆ ನನ್ನನ್ನು ಕರೆದು ತಾನು ಹಿತ್ತಲಿಗೆ ಹೋಗುವಳು.

ಆ ದಶಕ ಮುಗಿಯುವ ಮೊದಲೇ ಅಮ್ಮ ಜ್ವರ ಬಂದು ಮಲಗಿದಳು. ಅಣ್ಣ ಔಷಧಿ ತರಲು ಹೋಗಿದ್ದ. ಪಕ್ಕದಲ್ಲಿ ಕೂತಿದ್ದ ನನ್ನ ಮಂಡಿಗೆ ಅವಳ ಕೈ ತಗುಲಿತು. ಕೆಂಡ ಮುಟ್ಟಿದವಳಂತೆ ಹಿಂದಕ್ಕೆಳೆದುಕೊಂಡಳು.

"ನೋವಾತಾ ಮಗಾ?"

ಜ್ವರದ ಮಂಪರಿನಲ್ಲಿ ನನ್ನನ್ನು ಅಣ್ಣನೆಂದುಕೊಂಡಿದ್ದಳು. "ಇಲ್ಲಮ್ಮಾ," ಎಂದೆ.

ಅವಳು ನಂಬಲಿಲ್ಲ. ಸಂಜೆಯವರೆಗೂ ಅದನ್ನೇ ಕೇಳುತ್ತಿದ್ದಳು.