ಹೋರಿಗೆ ಟೆನ್ಷನ್ ಆಗೈತ್ರಿ

ಹೋರಿಗೆ ಟೆನ್ಷನ್ ಆಗುತ್ತದೆ ಅಂದರೆ ನಂಬುತ್ತೀರಾ? ಮೊನ್ನೆ ಮೊನ್ನೆಯವರೆಗೆ ನಾನೂ ನಂಬುತ್ತಿರಲಿಲ್ಲ. ಅದಕ್ಕೇನು ಬಾಸ್ ಇದ್ದಾನೆಯೇ, ವಾಟ್ಸ್‌ಆ್ಯಪ್ ಗ್ರೂಪ್ ಇದೆಯೇ? (ಗ್ರೂಪ್ ಇದೆ ಅಂತ ಆಮೇಲೆ ಗೊತ್ತಾಯಿತು. ಅಭಿಮಾನಿಗಳದು.)

ರಾಣೆಬೆನ್ನೂರು ಪಕ್ಕದ ಹಲಗೇರಿಯಲ್ಲಿ ನಮ್ಮ ಅಕ್ಕನ ಮನೆ. ಭಾವನ ಹೋರಿಯ ಹೆಸರು ‘ಹಲಗೇರಿ ಜೆಟ್’. ನಮ್ಮ ಹಾವೇರಿ ಸೀಮೆಯ ಹೋರಿ ಹಬ್ಬ ನಿಮಗೆ ಗೊತ್ತಲ್ಲ? ದೀಪಾವಳಿ ಮುಗಿದ ಮೇಲೆ ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಜನರ ನಡುವೆ ಹೋರಿ ಓಡಿಸುವುದು. ಯಾರ ಕೈಗೂ ಸರ ಕೊಡದೆ ಪಾರಾದದ್ದೇ ಹೀರೋ. ಹೋದ ಸಲ ಬ್ಯಾಡಗಿಯಲ್ಲಿ ಪಟಾಕಿ ಸದ್ದಿಗೆ ಬೆದರಿದ ಜೆಟ್, ಓಡುವುದು ಬಿಟ್ಟು ಬಂದ ದಾರಿಗೇ ತಿರುಗಿತು. ಊರೆಲ್ಲ ನಕ್ಕಿತು.

ಭಾವ ಸುಮ್ಮನೆ ಕೂರುವ ಪೈಕಿಯೇ? ಕೊಟ್ಟಿಗೆಗೆ ಸ್ಪೀಕರ್ ತಂದು ಕಟ್ಟಿದರು. ಪಟಾಕಿ, ಸಿಳ್ಳೆ, ಹಲಗೆ, ಡಿಜೆ ಎಲ್ಲ ಮೊಬೈಲಿಗೆ ತುಂಬಿಸಿ ದಿನವಿಡೀ ಹಚ್ಚಿಟ್ಟರು.

“ರೂಢಿ ಆಗಬೇಕಲೇ ಅದಕ್ಕ. ಮುಂದಿನ ಹಬ್ಬದಾಗ ನೋಡು ಹೆಂಗ ಓಡತೈತಿ.”

ಅದರ ಮೇಲೆ ಸೆಲ್ಫಿಗೆ ಬರುವ ಅಭಿಮಾನಿಗಳು. ಅವರ ಜೊತೆ ಭಾವನ ದನಿ. (ನಮ್ಮ ಭಾವನಿಗೆ ಫೋನ್ ಬೇಕಾಗಿಲ್ಲ. ಹಲಗೇರಿಯಲ್ಲಿ ನಿಂತು ಮಾತಾಡಿದರೆ ರಾಣೆಬೆನ್ನೂರಿಗೆ ಕೇಳುತ್ತದೆ.)

ಒಂದು ದಿನ ಅಕ್ಕನ ಫೋನು. “ತಮ್ಮಾ, ಲಗೂನ ಬಾ. ಜೆಟ್ ನನ್ನ ಗುರ್ತಾ ಹಿಡೀವಲ್ದು.”

ಜೆಟ್ ತಾಯಿ ಸತ್ತ ಕರುವಾಗಿದ್ದಾಗಿನಿಂದ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ಅಕ್ಕ. ನಾನು ಹೋದಾಗ ಹಿಂಡಿ ಹಿಡಿದು ಹತ್ತಿರ ಹೋದಳು. ಜೆಟ್ ಕಣ್ಣು ಅಗಲಿಸಿ, ಹಗ್ಗ ಹರಿಯುವಂತೆ ಹಿಂದೆ ಜಗ್ಗಿತು. ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಹಿಂಗಾಲಿನಲ್ಲಿ ಬೇಲಿ ತಂತಿ ತರಚಿದ ಸಣ್ಣ ಗಾಯ. ತಿಂಗಳಾದರೂ ಮಾಯದೆ, ಕಾಲು ಬಾತುಕೊಂಡಿತ್ತು. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನನಗೂ ಸಂಕಟವಾಯಿತು.

ರಾಣೆಬೆನ್ನೂರಿನಿಂದ ಪಶುವೈದ್ಯರು ಬಂದರು. ಬಂದವರೇ ಕಾಲು ನೋಡುವ ಮೊದಲು ಸ್ಪೀಕರ್ ನೋಡಿದರು. “ಮೊದಲ ಅದನ್ನ ಬಂದ್ ಮಾಡ್ರಿ.”

“ಪವರ್‌ಫುಲ್ ಇಂಜೆಕ್ಷನ್ ಏನಾರ ಐತೇನ್ರಿ ಸಾಹೇಬ್ರ?” ಭಾವ ಕೇಳಿದರು.

“ಕೊಡ್ತೇನ್ರಿ. ಆದ್ರ ಇದರ ಬ್ಯಾನಿ ಬರೇ ಕಾಲಾಗಿಲ್ಲ, ತಲಿಯಾಗೂ ಐತಿ. ಒಂದ ಸಲ ಅಂಜಿದ್ರ ಏನೂ ಆಗೂದಿಲ್ಲ. ಮೆದುಳು ಗಂಟಿ ಬಾರಸ್ತೈತಿ, ಮೈ ಓಡಾಕ ತಯಾರಾಗತೈತಿ, ಆಮ್ಯಾಲ ಗಂಟಿ ನಿಂದರತೈತಿ. ನೀವು ಅದಕ್ಕ ನಿಂದರಾಕ ಬಿಟ್ಟಿಲ್ಲ.”

ಆಮೇಲೆ ಅವರು ಬಿಡಿಸಿ ಹೇಳಿದರು. ಅಂಜಿಕೆ ಬಂದಾಗ ಏರುವ ಹಾರ್ಮೋನು ಮಾಮೂಲಿಯಾಗಿ ಬಾವನ್ನು ಹದ್ದುಬಸ್ತಿನಲ್ಲಿಡುತ್ತದಂತೆ. ಅದು ದಿನವಿಡೀ ಸುರಿಯುತ್ತಲೇ ಇದ್ದರೆ ಮೈ ಅದರ ಮಾತು ಕೇಳುವುದನ್ನೇ ಬಿಡುತ್ತದೆ. ಬಾವು ಇಳಿಯುವುದಿಲ್ಲ, ಗಾಯ ಮಾಯುವುದಿಲ್ಲ. ಮೆದುಳಿನಲ್ಲಿ ನೆನಪಿನ ಜಾಗ ಸೊರಗುತ್ತದೆ, ಅಂಜಿಕೆಯ ಜಾಗ ಕೊಬ್ಬುತ್ತದೆ. ಇಲಿಗಳಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರಂತೆ. (ಇಲಿಗಳಿಗೂ ನಮ್ಮ ಭಾವನಂಥವರು ಸಿಕ್ಕಿರಬೇಕು.)

“ಹಿಂಗ ನಡದ್ರ ಕಾಲು ಹೋಗತೈತ್ರಿ,” ಅಂದರು ಡಾಕ್ಟರು. ಔಷಧಿ ಬರೆದು, ಪಥ್ಯ ಹೇಳಿದರು: ಸದ್ದು ಬೇಡ, ಸೆಲ್ಫಿ ಬೇಡ, ಮೇವು ಹಾಕುವವರು ಒಬ್ಬರೇ ಇರಲಿ, ಮನೆಯಲ್ಲಿ ಮೆಲ್ಲಗೆ ಮಾತಾಡಿ.

ಭಾವ ಮೆಲ್ಲಗೆ ಮಾತಾಡುವುದೇ? ನಾನು ಮನಸ್ಸಿನಲ್ಲೇ ನಕ್ಕೆ.

ಆದರೆ ಖರೇ ಹೇಳುತ್ತೇನೆ, ಮಾಡಿದರು. ಸ್ಪೀಕರ್ ಅಟ್ಟ ಸೇರಿತು. ಬೈಕ್ ಓಣಿಯ ತುದಿಯಲ್ಲೇ ಆಫ್ ಆಗಿ, ತಳ್ಳಿಸಿಕೊಂಡು ಮನೆಗೆ ಬರತೊಡಗಿತು. ಟಿವಿಯಲ್ಲಿ ನ್ಯೂಸ್ ಓದುವವರು ಬರೀ ಬಾಯಿ ಆಡಿಸಿದರು. “ಈ ವರ್ಷ ಜೆಟ್ ಹಬ್ಬಕ್ಕ ಬರೂದಿಲ್ಲ” ಅಂತ ಗ್ರೂಪಿನಲ್ಲಿ ಸ್ವತಃ ಭಾವನೇ ಮೆಸೇಜ್ ಹಾಕಿದರು. ಮೀಸೆಯ ಮನುಷ್ಯ, ಚಹಾ ಬೇಕಾದರೆ ಅಡುಗೆಮನೆಗೆ ಬಂದು ಪಿಸುಗುಟ್ಟುತ್ತಿದ್ದರು.

ಮೊನ್ನೆ ಹೋಗಿದ್ದೆ. ಬಾವು ಇಳಿದಿದೆ. ಜೆಟ್ ಅಕ್ಕನ ಅಂಗೈ ನೆಕ್ಕುತ್ತ ನಿಂತಿತ್ತು. ಅವಳ ಮುಖ ನೋಡಿ ನನಗೆ ಹೊಟ್ಟೆ ತಂಪಾಯಿತು.

“ಭಾವ ಭಾರೀ ಬದಲಾಗ್ಯಾರಲ್ಲಕ್ಕ,” ಅಂದೆ.

ಅಕ್ಕ ಹೋರಿಯ ಕೊರಳ ಕೆಳಗಿನ ಗಂಗೆದೊಗಲು ಸವರುತ್ತಲೇ ಇದ್ದಳು.

“ನನ್ನ ಮೊಣಕಾಲು ಬಾತು ವರ್ಷಾತು ತಮ್ಮಾ, ಸದ್ದಿಂದ ನನಗೂ ತ್ರಾಸ ಆಗತೈತೇನು ಅಂತ ನಿಮ್ಮಾಗ ಯಾರರ ಕೇಳೀರೇನು?”