ಸಂಡಿಗೆ ಕಾಯ್ದ ಆಲ್ಬಂ

ವರ್ಷದ ಕೊನೆಗೆ ಮೆಚ್ಚಿನ ಆಲ್ಬಂಗಳ ಬಗ್ಗೆ ಪತ್ರಿಕೆಗೆ ಬರೆಯುವುದು ನನ್ನ ಕೆಲಸ. ಈ ಸಲ ಮೊದಲ ಸ್ಥಾನಕ್ಕೆ ಎರಡು ಉಳಿದಿದ್ದವು: ಒಂದು ಕೊಳಲು, ಇನ್ನೊಂದು ಗಿಟಾರು ಕಿರುಚುವ ರಾಕ್. ದ್ವಾರಕಾದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಟೆರೇಸಿನಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಎರಡನ್ನೂ ಜೋರಾಗಿ ಹಾಕಿ ಕೇಳಿದೆ. ಪಕ್ಕದಲ್ಲಿ ಕುಂದಾಪುರದ ಶಾರದಾ ಆಂಟಿ ಕೋಲು ಹಿಡಿದು, ಒಣಹಾಕಿದ ಸಂಡಿಗೆಯನ್ನು ಮಂಗಗಳಿಂದ ಕಾಯುತ್ತಿದ್ದರು.

“ಕೊಳಲು ಬೇಡ ಮಾರಾಯ್ರೇ, ಅವು ಕೂತು ಕೇಳ್ತಾ ತಿಂತಾವೆ. ಆ ಇನ್ನೊಂದು ಹಾಕಿ. ಅದು ಹಾಕಿದಾಗ ಒಂದು ಮಂಗವೂ ನಿಲ್ಲಲಿಲ್ಲ.”

“ಆಂಟಿ, ಅದು ಈ ವರ್ಷದ ಅತ್ಯುತ್ತಮ ಆಲ್ಬಂಗಳಲ್ಲಿ ಒಂದು.”

“ಅಚ್ಛಾ? ಹಾಗಾದ್ರೆ ನಾಳೆಯೂ ಹಾಕಿ. ಹಪ್ಪಳ ಉಂಟು.”

ಆ ರಾಕ್ ಆಲ್ಬಂಗೇ ಮೊದಲ ಸ್ಥಾನ ಕೊಟ್ಟೆ. ‘ಕೇಳುಗರನ್ನು ನೆಮ್ಮದಿಯಾಗಿ ಕೂರಲು ಬಿಡದ ಸಂಗೀತ’ ಎಂದು ಅದರ ಬಗ್ಗೆ ಮೊದಲೇ ಬರೆದಿಟ್ಟಿದ್ದೆ, ಒಂದಕ್ಷರವೂ ಬದಲಿಸಬೇಕಾಗಲಿಲ್ಲ. ವಿಮರ್ಶಕನಿಗೆ ಇಷ್ಟು ನೇರ ಪುರಾವೆ ಸಿಗುವುದು ಅಪರೂಪ.